ಗಾಳಿ ಕೊಳವೆಯೊಳಗಿನ ನೀರು

ಗಂಗಾವತಿಯ ಗಿರಣಿಯಿಂದ ಕೊಪ್ಪಳದ ನಮ್ಮ ವರ್ಕ್‌ಶಾಪಿಗೆ ಟ್ರಂಕ್ ಕಾಲ್ ಬಂದದ್ದು ಬೆಳಿಗ್ಗೆ ಒಂಬತ್ತರ ಸುಮಾರಿಗೆ. ಮಾತಾಡಿದವರು ಗಿರಣಿಯ ಸಾಹುಕಾರರೇ. "ಇಂಜಿನ್ ಧಡ್ ಅಂತ ನಿಂತೈತಿ. ಏನ್ ಮಾಡಿದ್ರೂ ತಿರಗವಲ್ದು. ನೆಲ್ಲು ತೊಟ್ಯಾಗ ನೆನದು ಕುಂತೈತಿ. ಇದ್ದಂಗ ಬಾ," ಎಂದವರೇ ಫೋನ್ ಇಟ್ಟುಬಿಟ್ಟರು.

ಎಂಬತ್ತರ ದಶಕದ ನಡುವಿನ ಒಂದು ಡಿಸೆಂಬರ್ ಅದು. ಹಗಲು ಹೊತ್ತಿನಲ್ಲೇ ಗಂಟೆಗಟ್ಟಲೆ ಕರೆಂಟು ಹೋಗುತ್ತಿದ್ದ ಕಾಲ. ಭತ್ತವನ್ನು ನೆನೆಸಿ, ಉಗಿಯಲ್ಲಿ ಬೇಯಿಸಿ, ಬಿಸಿಗಾಳಿಯಲ್ಲಿ ಒಣಗಿಸಿ ಅಕ್ಕಿ ಮಾಡುವ ಗಿರಣಿ ಅದು. ನೆನೆದ ಭತ್ತ ಕಾಯುವುದಿಲ್ಲ. ಹೊತ್ತಿಗೆ ಸರಿಯಾಗಿ ಬೇಯಿಸಿ ಒಣಗಿಸದಿದ್ದರೆ ಹುಳಿ ವಾಸನೆ ಹಿಡಿದು ದನವೂ ಮೂಸದ ಸ್ಥಿತಿಗೆ ಬರುತ್ತದೆ. ಅದಕ್ಕೆಂದೇ ಸಾಹುಕಾರರು ಆರು ಸಿಲಿಂಡರಿನ ದೊಡ್ಡ ಡೀಸೆಲ್ ಜನರೇಟರ್ ಕೂಡಿಸಿದ್ದರು. ಗಾಳಿಯನ್ನು ಅದುಮಿ ತುಂಬುವ ಟರ್ಬೊ ಇದ್ದ ಇಂಜಿನ್. ನಮ್ಮ ಭಾಗದಲ್ಲಿ ಆಗ ಅಂಥವು ಕೈಬೆರಳಲ್ಲಿ ಎಣಿಸುವಷ್ಟು ಇದ್ದವು, ಅವುಗಳನ್ನು ಬಲ್ಲ ಮೇಸ್ತ್ರಿಗಳು ಇನ್ನೂ ಕಡಿಮೆ. ಕುಷ್ಟಗಿಯ ಒಣಭೂಮಿಯಿಂದ ಬಂದು ಐಟಿಐ ಮುಗಿಸಿದ್ದ ನನಗೆ ಆ ಇಂಜಿನ್ನಿನಿಂದಲೇ ಸ್ವಲ್ಪ ಹೆಸರು ಬಂದಿತ್ತು. ಸ್ವಲ್ಪ ಸೊಕ್ಕೂ ಬಂದಿತ್ತು.

ಹನ್ನೊಂದೂವರೆಗೆ ಗಿರಣಿ ತಲುಪಿದೆ. ಇಂಜಿನ್ ಕೋಣೆಯಲ್ಲಿ ಅದನ್ನು ನಡೆಸುವ ಡ್ರೈವರ್ ಗೋಡೆಗೆ ಆತು ನಿಂತಿದ್ದ. ಯಲಬುರ್ಗಾ ಕಡೆಯವನು, ನನಗಿಂತ ಹದಿನೈದು ವರ್ಷ ದೊಡ್ಡವನು. ಓದು ಬರಹ ಇರಲಿಲ್ಲ, ಆದರೆ ಕಣ್ಣು ಮುಚ್ಚಿಕೊಂಡು ಇಂಜಿನ್ನಿನ ಸದ್ದು ಕೇಳಿ ಎಷ್ಟು ಲೋಡ್ ಇದೆಯೆಂದು ಹೇಳುತ್ತಿದ್ದ. ನನ್ನನ್ನು ಕಂಡು ಎರಡು ಹೆಜ್ಜೆ ಮುಂದೆ ಬಂದು, "ಮೇಸ್ತ್ರಿ, ಒಂದು ಮಾತು..." ಎಂದ.

"ಇರು ಅಣ್ಣಾ, ಮೊದಲು ಬಿಚ್ಚಿ ನೋಡೂಣು," ಎಂದು ನಾನು ಚೀಲದಿಂದ ಸ್ಪ್ಯಾನರ್ ತೆಗೆದೆ.

ಆರೂ ಇಂಜೆಕ್ಟರ್ ಬಿಚ್ಚಿ, ಫ್ಲೈವೀಲಿಗೆ ಹಾರೆ ಕೊಟ್ಟು ನಿಧಾನಕ್ಕೆ ತಿರುಗಿಸಿದೆವು. ಅರ್ಧ ಸುತ್ತು ಬಂದಿತ್ತೋ ಇಲ್ಲವೋ, ಆರನೆಯ ಸಿಲಿಂಡರಿನ ತೂತಿನಿಂದ ನೀರು ಕಾರಂಜಿಯಂತೆ ಚಿಮ್ಮಿ ತಗಡಿನ ಸೂರಿಗೆ ಬಡಿಯಿತು. ಡೀಸೆಲ್ ಅಲ್ಲ, ಎಣ್ಣೆಯೂ ಅಲ್ಲ, ನೀರು. ಸಿಲಿಂಡರಿನಲ್ಲಿ ಗಾಳಿಯನ್ನು ಅದುಮಬಹುದು, ನೀರನ್ನು ಅದುಮಲಾಗುವುದಿಲ್ಲ. ಬೆಳಿಗ್ಗೆ ಚಾಲೂ ಮಾಡಿದಾಗ ಮೇಲೆ ಬಂದ ಪಿಸ್ಟನ್ ಆ ನೀರಿಗೆ ಬಂಡೆಗೆ ಬಡಿದಂತೆ ಬಡಿದಿತ್ತು. ಸಂಜೆಯೊಳಗೆ ಇಂಜಿನ್ನಿನ ಕೆಳಗಿನ ಎಣ್ಣೆ ಚೇಂಬರ್ ಇಳಿಸಿ ನೋಡಿದೆ. ಆರನೆಯ ಪಿಸ್ಟನ್ನನ್ನು ಹಿಡಿದಿದ್ದ ಕನೆಕ್ಟಿಂಗ್ ರಾಡ್ ಕುಡಗೋಲಿನಂತೆ ಬಾಗಿತ್ತು.

ಮರುದಿನವೆಲ್ಲ ನೀರು ಎಲ್ಲಿಂದ ಬಂತು ಎಂದು ಹುಡುಕಿದೆ. ಮೊದಲ ಗುಮಾನಿ ಸಿಲಿಂಡರುಗಳ ತಲೆಯ ಸಂದು ಮುಚ್ಚುವ ಹೆಡ್ ಗ್ಯಾಸ್ಕೆಟ್ ಮೇಲೆ. ಇಂಜಿನ್ನಿನ ಸುತ್ತ ತಿರುಗುವ ನೀರಿಗೆ ತುಕ್ಕು ಹಿಡಿಯದಂತೆ ಹಾಕುತ್ತಿದ್ದ ಪುಡಿಯಿಂದ ಅರಿಷಿಣದ ಬಣ್ಣ ಬಂದಿರುತ್ತಿತ್ತು. ಸಿಲಿಂಡರಿನಿಂದ ಹಿಡಿದಿಟ್ಟ ನೀರಿಗೆ ಆ ಬಣ್ಣ ಇರಲಿಲ್ಲ. ಗ್ಯಾಸ್ಕೆಟ್ ತೆಗೆದು ನೋಡಿದೆ, ಸರಿಯಾಗಿತ್ತು. ಎರಡನೆಯ ಗುಮಾನಿ ಕೂಲರ್ ಮೇಲೆ. ಟರ್ಬೊ ಅದುಮಿ ಕಳಿಸುವ ಗಾಳಿ ಕೈ ಇಡಲಾಗದಷ್ಟು ಕಾಯ್ದಿರುತ್ತದೆ. ಅದನ್ನು ತಣಿಸಿ ಇಂಜಿನ್ನಿಗೆ ಕೊಡಲು ನಡುವೆ ನೀರಿನ ನಳಿಗೆಗಳ ಒಂದು ಪೆಟ್ಟಿಗೆ ಇರುತ್ತದೆ. ಆ ನಳಿಗೆ ಒಡೆದರೆ ನೀರು ಗಾಳಿಯ ದಾರಿಗೆ ಬೀಳುತ್ತದೆ. ಪೆಟ್ಟಿಗೆ ಬಿಚ್ಚಿ, ಬಾಯಿ ಮುಚ್ಚಿ, ಒಳಗೆ ಗಾಳಿ ತುಂಬಿ ಭತ್ತ ನೆನೆಸುವ ತೊಟ್ಟಿಯ ನೀರಿನಲ್ಲಿ ಮುಳುಗಿಸಿದೆ. ಅರ್ಧ ಗಂಟೆ ಕುಕ್ಕರಗಾಲಲ್ಲಿ ಕುಳಿತು ನೋಡಿದರೂ ಒಂದು ಗುಳ್ಳೆ ಏಳಲಿಲ್ಲ. ಅಲ್ಲದೆ ಆ ಪೆಟ್ಟಿಗೆಗೆ ಬರುತ್ತಿದ್ದುದು ಗಿರಣಿಯ ದೊಡ್ಡ ಟಾಕಿಯ ಕಾಲುವೆ ನೀರು, ಪಾಚಿಗಟ್ಟಿದ ಹಸಿರು ನೀರು. ನನ್ನ ಬಾಟಲಿಯಲ್ಲಿದ್ದುದು ಮಳೆನೀರಿನಂತೆ ತಿಳಿಯಾಗಿತ್ತು.

ಸಾಹುಕಾರರು ಗಳಿಗೆಗೊಮ್ಮೆ ಬಂದು ಹೋಗುತ್ತಿದ್ದರು. ಸಂಜೆ ಎದುರಿಗೆ ಕುರ್ಚಿ ಹಾಕಿಸಿಕೊಂಡು ಕುಳಿತರು. "ಏನ್ ಸಿಕ್ತೋ ಅಷ್ಟು ಬರದು ಕೊಡು."

ನಾನು ವರ್ಕ್‌ಶಾಪಿನ ರಿಪೋರ್ಟ್ ಪುಸ್ತಕ ತೆಗೆದು ಕಂಡದ್ದನ್ನು ಬರೆದೆ. ಕೊನೆಯ ಸಾಲು ನನಗೆ ಈಗಲೂ ಅಕ್ಷರ ಸಮೇತ ನೆನಪಿದೆ: "ಇಂಜಿನ್ನಿನ ಒಳಗೆ ಎಲ್ಲಿಯೂ ಸೋರಿಕೆ ಇಲ್ಲ. ನೀರು ಹೊರಗಿನಿಂದ ಬಂದಿದೆ."

ಸಾಹುಕಾರರು ಅದನ್ನು ಎರಡು ಸಲ ಓದಿದರು. ಕಾಗದ ಮಡಚಿ ಜೇಬಿಗೆ ಇಟ್ಟುಕೊಂಡರು. "ನನಗ ಗೊತ್ತಿತ್ತು. ಹೊರಗಿಂದ ನೀರು ತಾನ ನಡಕೊಂಡ ಬರತೈತೇನು? ಹಾಕ್ಯಾನ."

"ಯಾರ್ರಿ?"

"ಮತ್ಯಾರು? ಇಂಜಿನ್ ಕೋಣಿ ಕೀಲಿ ಯಾರ ಕೈಯಾಗ ಇರತೈತಿ?"

ಹದಿನೈದು ದಿನದ ಹಿಂದೆ ಹಮಾಲರು ಕೆಲಸದ ಹೊತ್ತಿನ ವಿಷಯದಲ್ಲಿ ಎರಡು ದಿನ ಕೈಕಟ್ಟಿ ಕುಳಿತಿದ್ದರಂತೆ. ಅವರ ಪರವಾಗಿ ಸಾಹುಕಾರರ ಮುಂದೆ ಬಂದು ಮಾತಾಡಿದವನು ಈ ಡ್ರೈವರ್. ಆ ಸಿಟ್ಟು ಸಾಹುಕಾರರ ಹೊಟ್ಟೆಯಲ್ಲಿ ಹಾಗೇ ಇತ್ತು. ನನ್ನ ಕೊನೆಯ ಸಾಲು ಅದಕ್ಕೊಂದು ಹಿಡಿಕೆ ಕೊಟ್ಟಿತು.

ಅಂಗಳದಲ್ಲಿ ಕೆಲಸದವರೆಲ್ಲ ನೋಡುತ್ತಿರುವಂತೆಯೇ ಆತನಿಂದ ಕೀಲಿ ಕಸಿದುಕೊಂಡರು. "ಮೇಸ್ತ್ರಿ ಬರದು ಕೊಟ್ಟಾನ, ನೋಡು! ನಾಳಿದ್ದು ಪೊಲೀಸ್ ಕಂಪ್ಲೇಂಟ್ ಕೊಡ್ತೀನಿ. ಇಂಜಿನ್ನಿಗೆ ನೀರು ಹಾಕಿದಾಂವ ನಾಳೆ ಬೆಂಕೀನೂ ಹಾಕ್ತಾನ." ಡ್ರೈವರ್ ನನ್ನ ಕಡೆ ಒಮ್ಮೆ ನೋಡಿ, ಕಂಬಕ್ಕೆ ನೇತುಹಾಕಿದ್ದ ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡು ಗೇಟಿನಿಂದ ಹೊರಗೆ ಹೋದ. ನಾನು ಅಲ್ಲೇ ನಿಂತಿದ್ದೆ. ನಾನು ಬರೆದದ್ದು ಅದಲ್ಲ ಎಂದು ಹೇಳಬೇಕಿತ್ತು. ಬರೆದದ್ದರಲ್ಲಿ ಸುಳ್ಳೇನೂ ಇಲ್ಲವಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಮಾರನೆಯ ದಿನ ಹುಬ್ಬಳ್ಳಿಗೆ ಹೋಗಿ ಹೊಸ ರಾಡ್ ತಂದೆ. ಅಂಗಡಿಯಲ್ಲಿ ಇದ್ದದ್ದು ಅದೊಂದೇ, ಇನ್ನೊಂದು ಬೇಕೆಂದರೆ ತಿಂಗಳು ಕಾಯಬೇಕಿತ್ತು. ಅದರ ಮರುದಿನ ಬೆಳಿಗ್ಗೆ ಜೋಡಿಸಲು ಕುಳಿತೆ. ಗಿರಣಿಯಲ್ಲಿ ಕರೆಂಟಿತ್ತು, ಪಕ್ಕದ ಅಂಗಳದಲ್ಲಿ ಭತ್ತ ಬೇಯುತ್ತಿತ್ತು. ಇಂಜಿನ್ ಕೋಣೆಗೂ ಉಗಿ ಕೊಪ್ಪರಿಗೆಗಳಿಗೂ ನಡುವೆ ಒಂದೇ ಗೋಡೆ. ಅದರ ಜಾಲಂಧ್ರದಿಂದ ಉಗಿ ಬೆಳ್ಳಗೆ ಒಳಗೆ ಬರುತ್ತಿತ್ತು. ಹಿಂದಿನ ವರ್ಷ ಆ ಕಡೆ ಕೊಪ್ಪರಿಗೆಗಳೇ ಇರಲಿಲ್ಲ, ದಸರೆಯಾದ ಮೇಲೆ ಹೊಸದಾಗಿ ಕೂಡಿಸಿದ್ದರು.

ರಾಡ್, ಹೆಡ್, ಕೂಲರ್ ಎಲ್ಲ ಕೂಡಿಸಿ, ಕೊನೆಯ ಬೋಲ್ಟ್ ಬಿಗಿಮಾಡಲು ಎಡ ಮೊಳಕೈಯನ್ನು ಕೂಲರಿಗೆ ಬರುವ ನೀರಿನ ಪೈಪಿನ ಮೇಲೆ ಊರಿದೆ. ಅಂಗಿಯ ತೋಳು ತಣ್ಣಗೆ ತೊಯ್ದಿತು. ಪೈಪು ಸೋರುತ್ತಿದೆ ಎಂದುಕೊಂಡು ಬಟ್ಟೆಯಿಂದ ಒರೆಸಿ ಸಂದು ಹುಡುಕಿದೆ. ಸಂದು ಒಣಗಿತ್ತು. ನೋಡನೋಡುತ್ತಿದ್ದಂತೆ ಒರೆಸಿದ ಜಾಗದಲ್ಲೇ ಸಾಸಿವೆಯಂಥ ಹನಿಗಳು ಎದ್ದವು, ಒಂದಕ್ಕೊಂದು ಕೂಡಿ ಕೆಳಗೆ ಇಳಿದವು. ಬೆರಳಿಗೆ ಹಚ್ಚಿ ನೋಡಿದೆ. ಹಸಿರಿಲ್ಲ, ಅರಿಷಿಣವಿಲ್ಲ. ತಿಳಿನೀರು.

ನಾನು ಸ್ಪ್ಯಾನರ್ ಕೆಳಗಿಟ್ಟು ಕುಳಿತುಬಿಟ್ಟೆ.

ಆ ತಣ್ಣೀರಿನ ಪೈಪು ಹಾಕಿದವನು ನಾನು. ಇಂಜಿನ್ ತಯಾರಿಸಿದವರು ಆ ಕೂಲರಿಗೆ ಕೊಟ್ಟಿದ್ದದ್ದು ಇಂಜಿನ್ನಿನದೇ ಬಿಸಿನೀರು. ಕಳೆದ ಮೇ ತಿಂಗಳ ಬಿಸಿಲಿನಲ್ಲಿ ಇಂಜಿನ್ ಕಪ್ಪು ಹೊಗೆ ಕಾರಿ ಲೋಡ್ ಎಳೆಯದೆ ಹೋದಾಗ, ಗಾಳಿ ಇನ್ನಷ್ಟು ತಣ್ಣಗಾದರೆ ಶಕ್ತಿ ಬರುತ್ತದೆಂದು ಲೆಕ್ಕ ಹಾಕಿ, ಬಿಸಿನೀರಿನ ದಾರಿ ಕಿತ್ತು ಟಾಕಿಯ ನೀರನ್ನು ನೇರ ಜೋಡಿಸಿದ್ದೆ. ಇಂಜಿನ್ ಕುದುರೆಯಂತೆ ಓಡಿತ್ತು. ಸಾಹುಕಾರರು ನಾಲ್ಕು ಜನರ ಮುಂದೆ ಬೆನ್ನು ತಟ್ಟಿದ್ದರು. ಮೇ ತಿಂಗಳಲ್ಲಿ ಅದು ಸರಿಯೇ ಇತ್ತು. ಡಿಸೆಂಬರಿನಲ್ಲಿ ಕಾಲುವೆ ನೀರು ಕೊರೆಯುತ್ತದೆ. ಇಂಜಿನ್ ಎಳೆದುಕೊಳ್ಳುವ ಗಾಳಿಯಲ್ಲಿ ಉಗಿ ತುಂಬಿದೆ. ಟರ್ಬೊ ಆ ಗಾಳಿಯನ್ನು ಅದುಮುತ್ತದೆ. ಅದುಮಿದ ಗಾಳಿ ತಣ್ಣನೆಯ ನಳಿಗೆ ಮುಟ್ಟಿದಾಗ, ಪೈಪಿನ ಹೊರಗೆ ಆಗುತ್ತಿರುವುದೇ ಪೆಟ್ಟಿಗೆಯ ಒಳಗೆ ಹತ್ತು ಪಟ್ಟು ಆಗುತ್ತದೆ. ಹಾಗೆ ಇಳಿದ ನೀರು ಕೂಲರಿನಿಂದ ಸಿಲಿಂಡರುಗಳಿಗೆ ಹೋಗುವ ಗಾಳಿ ಕೊಳವೆಯ ತಗ್ಗಿನಲ್ಲಿ ನಿಂತು, ಇಂಜಿನ್ ಆರಿದ ಮೇಲೆ ತೆರೆದ ವಾಲ್ವಿನಿಂದ ಸಿಲಿಂಡರಿಗೆ ಇಳಿದಿತ್ತು.

ಇದು ಯಾರಿಗೂ ಗೊತ್ತಿರಲಿಲ್ಲ. ಹಳೆಯ ಬಿಸಿನೀರಿನ ಪೈಪನ್ನು ಸುಮ್ಮನೆ ಮರಳಿ ಜೋಡಿಸಿ, 'ಸುಧಾರಣೆ ಮಾಡಿದ್ದೇನೆ' ಎಂದು ಹೋಗಿಬಿಟ್ಟರೆ ಇಂಜಿನ್ ಮತ್ತೆ ತೊಂದರೆ ಕೊಡುತ್ತಿರಲಿಲ್ಲ. ನನ್ನ ಹೆಸರೂ ಉಳಿಯುತ್ತಿತ್ತು. ಆ ವಿಚಾರ ಬರಲಿಲ್ಲವೆಂದು ನಾನು ಹೇಳುವುದಿಲ್ಲ. ಗೇಟಿನ ಹೊರಗಿನ ಚಹಾದಂಗಡಿಗೆ ಹೋಗಿ ಕುಳಿತೆ, ತಂದಿಟ್ಟ ಚಹಾ ಆರಿಹೋಯಿತು. ಸಾಹುಕಾರರು ಆ ದಿನ ಮಧ್ಯಾಹ್ನವೇ ಠಾಣೆಗೆ ಹೋಗುವವರಿದ್ದರು. ಕಂಪ್ಲೇಂಟಿನ ಜೊತೆ ಹೋಗುವುದು ನನ್ನ ಕೈಬರಹದ ಕಾಗದ.

ಎದ್ದು ಕಚೇರಿಗೆ ಹೋದೆ. "ಸಾವ್ಕಾರ್ರ, ಆ ರಿಪೋರ್ಟ್ ಅರ್ಧ ಐತ್ರಿ. ನೀರು ಯಾರೂ ಹಾಕಿಲ್ಲ. ನನಗ ಎರಡು ತಾಸು ಕೊಡ್ರಿ, ನಿಮ್ಮ ಕಣ್ಣ ಮುಂದ ತೋರಸ್ತೀನಿ."

ಅವರು ಕನ್ನಡಕ ತೆಗೆದರು. "ಮೊನ್ನೆ ಹೊರಗಿಂದ ಬಂದೈತಿ ಅಂದಿ. ಇವತ್ತು ಯಾರೂ ಹಾಕಿಲ್ಲ ಅಂತಿ. ಅವನ ಮನೀಗೆ ಹೋಗಿದ್ದೇನು ನೀನು?"

"ಇಲ್ರಿ. ಇಂಜಿನ್ ಕೋಣಿ ಕೀಲಿ ನಿಮ್ಮ ಕೈಯಾಗ ಇರಲಿ. ಏರ್ ಫಿಲ್ಟರ್ ಬಾಯಿಗೆ ನೀವ ಜಾಳಿಗಿ ಬಟ್ಟಿ ಕಟ್ರಿ. ನಾವಿಬ್ಬರ ಒಳಗ ಇರೂಣು. ಆಮ್ಯಾಲೂ ನೀರು ಬಂದ್ರ ಯಾರು ಹಾಕಿದಂಗ ಆತು ಹೇಳ್ರಿ."

ಅಷ್ಟರಲ್ಲಿ ಕರೆಂಟು ಹೋಯಿತು. ಒಣಗಿಸುವ ಫ್ಯಾನುಗಳ ಸದ್ದು ಒಮ್ಮೆಲೇ ನಿಂತು, ಬೇಯಿಸುವ ಹೆಂಗಸರು ಅಂಗಳದಿಂದ ಕೂಗಿದರು. ಒಂದು ತೊಟ್ಟಿ ಭತ್ತ ಬೆಂದು ಇನ್ನೂ ಒದ್ದೆಯಾಗಿತ್ತು, ಇನ್ನೊಂದು ನೆನೆದು ಕಾಯುತ್ತಿತ್ತು. ಸಾಹುಕಾರರು ಎದ್ದರು. "ಇಂಜಿನ್ ಚಾಲೂ ಆಗತೈತೇನು? ಹಂಗಾದ್ರ ನಡಿ."

ಇಲ್ಲಿ ಸುಲಭದ ದಾರಿ ಒಂದಿತ್ತು. ಪೈಪು ಬದಲಿಸಿ ಚಾಲೂ ಮಾಡಿದರೆ ಇಂಜಿನ್ ಕ್ಷೇಮ, ಆದರೆ ತೋರಿಸಲು ನೀರು ಇರುವುದಿಲ್ಲ. ತಣ್ಣೀರು ಬಿಟ್ಟೇ ಓಡಿಸಿದರೆ ನೀರು ಬರುತ್ತದೆ, ಆದರೆ ಇನ್ನೊಂದು ರಾಡ್ ಬಾಗಿದರೆ ಬದಲು ಇಲ್ಲ. ನಾನು ಕೂಲರಿನ ಕೆಳಗಿನ ಬಾಗಿನಲ್ಲಿ ಕೈ ಬೈರಿಗೆಯಿಂದ ತೂತು ಕೊರೆದು, ತಿರುಪಿನ ಸುತ್ತುಗೆರೆ ಎಳೆದು, ನಲ್ಲಿಯಂಥ ಒಂದು ಸಣ್ಣ ಹಿತ್ತಾಳೆ ಕಾಕು ಕೂಡಿಸಿದೆ. ನೀರು ಇಳಿದದ್ದೆಲ್ಲ ಅಲ್ಲಿಗೇ ಬರಬೇಕು, ಹತ್ತು ನಿಮಿಷಕ್ಕೊಮ್ಮೆ ಬಿಟ್ಟರೆ ಅಪಾಯವಿಲ್ಲ ಎಂದು ನನ್ನ ಲೆಕ್ಕ. ಕೈಯಿಂದ ನಾಲ್ಕು ಸುತ್ತು ತಿರುಗಿಸಿ, ಸಿಲಿಂಡರ್ ಖಾಲಿ ಇವೆಯೆಂದು ಖಾತ್ರಿ ಮಾಡಿಕೊಂಡು ಚಾಲೂ ಮಾಡಿದೆ. ಸಾಹುಕಾರರು ತಾವೇ ಫಿಲ್ಟರಿಗೆ ಬಟ್ಟೆ ಕಟ್ಟಿ, ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ ಕುಳಿತರು.

ಮೊದಲ ಹತ್ತು ನಿಮಿಷಕ್ಕೆ ಕಾಕು ಬಿಟ್ಟಾಗ ಬರೀ ಗಾಳಿ ಸುಯ್ಯೆಂದಿತು. ಸಾಹುಕಾರರು ನನ್ನ ಮುಖ ನೋಡಿದರು. ಎರಡನೆಯ ಸಲ ನಾಲ್ಕು ಹನಿ. ಗೋಡೆಯಾಚೆ ಹೆಂಗಸರು ಕೊಪ್ಪರಿಗೆಗಳಿಗೆ ಉಗಿ ಬಿಟ್ಟರು, ಜಾಲಂಧ್ರ ಬೆಳ್ಳಗಾಯಿತು, ಫ್ಯಾನುಗಳ ಲೋಡ್ ಏರಿತು. ಮೂರನೆಯ ಸಲ ಗಾಳಿಯ ಜೊತೆ ನೀರು ತುಂತುರಾಗಿ ಬಂತು. ನಾಲ್ಕನೆಯ ಸಲ ನಾನು ಹಿಡಿದ ಗಾಜಿನ ಲೋಟ ಅರ್ಧ ತುಂಬಿತು. ಸಾಹುಕಾರರು ಕುರ್ಚಿ ಬಿಟ್ಟು ಎದ್ದು ಬಂದು ಲೋಟವನ್ನು ಬೆಳಕಿಗೆ ಹಿಡಿದರು.

ಆ ಹೊತ್ತಿಗೇ ಇಂಜಿನ್ನಿನ ಹಿಂಭಾಗದಿಂದ 'ಟಕ್' ಎಂಬ ಸದ್ದು ಬಂತು. ಚಿಮಣಿಯಲ್ಲಿ ಬಿಳಿ ಹೊಗೆಯ ಒಂದು ಉಂಡೆ. ಮತ್ತೆ ಟಕ್. ಕಾಕಿನಿಂದ ನೀರು ಬಿಡುತ್ತಲೇ ಇದ್ದೇನೆ, ಆದರೂ ಎಲ್ಲೋ ನೀರು ಒಳಗೆ ಹೋಗುತ್ತಿದೆ. ಲೋಡಿನ ಸ್ವಿಚ್ ಕೆಳಗೆಳೆದು ಇಂಜಿನ್ ಆರಿಸಿದೆ.

"ಯಾಕ ಆರಿಸಿದಿ? ನೆಲ್ಲು ಹಾಳಾಗತೈತಲ್ಲೋ!" ಸಾಹುಕಾರರು ಕೂಗಿದರು. ಅವರ ಮನೆಮಾತು ತೆಲುಗು, ಸಿಟ್ಟಿನಲ್ಲಿ ಮುಂದಿನ ಮಾತು ಅದಕ್ಕೇ ಜಾರಿತು.

"ಇನ್ನೊಂದ ನಿಮಿಷ ಓಡಿಸಿದ್ರ ಇಂಜಿನ್ನೂ ಹಾಳಾಗತೈತ್ರಿ. ನೀರು ನೋಡಿದ್ರಲ್ಲ. ಇದು ಉಗಿ ನೀರು. ಹವಾದಾಗ ಬಂದು ತಣ್ಣನ್ನ ಪೈಪಿಗೆ ಬಡದು ನೀರಾಗತೈತಿ. ಬ್ಯಾಸಿಗ್ಯಾಗ ಆ ತಣ್ಣೀರು ಜೋಡಿಸಿದಾಂವ ನಾನ್ರಿ."

"ಅಂದ್ರ ತಪ್ಪು ಯಾರ್ದು?"

"ನಂದ್ರಿ."

ಸಾಹುಕಾರರು ಲೋಟವನ್ನು ಕಿಟಕಿಯಲ್ಲಿಟ್ಟರು. ಜೇಬಿನಿಂದ ನನ್ನ ಕಾಗದ ತೆಗೆದು ನೆಲಕ್ಕೆ ಎಸೆದರು. "ಬ್ಯಾರೆ ಬರಿ. ನಿನ್ನ ವರ್ಕ್‌ಶಾಪಿಗೂ ಒಂದು ಕಳಸ್ತೀನಿ. ಈಗ ಮೊದಲ ನನ್ನ ನೆಲ್ಲು ಉಳಿಸು."

ಇಂಜೆಕ್ಟರ್ ಬಿಚ್ಚಿ ತಿರುಗಿಸಿದಾಗ ಆರನೆಯದೇ ಮತ್ತೆ ನೀರು ಉಗುಳಿತು. ತೂತಿನಲ್ಲಿ ತಂತಿ ಇಳಿಬಿಟ್ಟು ಪಿಸ್ಟನ್ ಎತ್ತರ ಅಳೆದೆ. ಅದರ ಜೊತೆಗೇ ಏರುವ ಒಂದನೆಯದಕ್ಕೂ ಅದಕ್ಕೂ ಕೂದಲೆಳೆಯ ವ್ಯತ್ಯಾಸವೂ ಇರಲಿಲ್ಲ. ರಾಡ್ ಉಳಿದಿತ್ತು. ತಣ್ಣೀರು ಕಿತ್ತು ಬಿಸಿನೀರಿನ ಹಳೆಯ ದಾರಿ ಜೋಡಿಸಿದೆ. ಜಾಲಂಧ್ರಕ್ಕೆ ಗೋಣಿ ಚೀಲ ಬಡಿದು, ಫಿಲ್ಟರನ್ನು ತಗಡಿನ ಕೊಳವೆಯಿಂದ ಉತ್ತರದ ಕಿಟಕಿಗೆ ತಿರುಗಿಸಿದೆ. ಒಣಗಿಸುವ ಫ್ಯಾನುಗಳನ್ನು ಬಿಟ್ಟು ಬೇರೆ ಯಾವ ಮಷಿನ್ನೂ ಹಾಕಬಾರದು ಎಂದೆ, ಸಾಹುಕಾರರು ತಾವೇ ಹೋಗಿ ಉಳಿದ ಸ್ವಿಚ್ಚುಗಳನ್ನು ಆರಿಸಿದರು. ಇಂಜಿನ್ ಮತ್ತೆ ಓಡುವಷ್ಟರಲ್ಲಿ ಮೂರೂವರೆ ತಾಸು ಕಳೆದಿತ್ತು. ಬೆಂದ ಭತ್ತ ಉಳಿಯಿತು. ನೆನೆದ ತೊಟ್ಟಿ ಹುಳಿ ಹಿಡಿದಿತ್ತು. ಹೆಂಗಸರು ಅದನ್ನು ಬುಟ್ಟಿಯಲ್ಲಿ ಹೊತ್ತು ಹಿತ್ತಲಿಗೆ ಚೆಲ್ಲುವಾಗ ನಾನು ಆ ಕಡೆ ತಿರುಗಿ ನೋಡಲಿಲ್ಲ.

ಮರುದಿನ ಬೆಳಿಗ್ಗೆ ಬಾಡಿಗೆ ಸೈಕಲ್ ಹಿಡಿದು ಕನಕಗಿರಿ ರಸ್ತೆಯ ಹಳ್ಳಿಗೆ ಹೋದೆ. ಡ್ರೈವರ್ ಅಲ್ಲಿ ಒಂದು ಕೋಣೆಯ ಮನೆ ಮಾಡಿಕೊಂಡಿದ್ದ. ಕಟ್ಟೆಯ ಮೇಲೆ ಕುಳಿತು ಹಗ್ಗ ಹೊಸೆಯುತ್ತಿದ್ದವನು ನನ್ನನ್ನು ನೋಡಿಯೂ ಕೈ ನಿಲ್ಲಿಸಲಿಲ್ಲ. ನಾನು ನಿಂತುಕೊಂಡೇ ಎಲ್ಲ ಹೇಳಿದೆ, ತಣ್ಣೀರಿನ ಪೈಪು, ಉಗಿ, ಲೋಟ, ನನ್ನ ತಪ್ಪು. ಕೇಳಿದ ಮೇಲೆ ಆತ ಹಗ್ಗವನ್ನು ಪಕ್ಕಕ್ಕಿಟ್ಟ.

"ಆ ಪೈಪು ಬೆವರತಿತ್ರಿ, ಮೇಸ್ತ್ರಿ. ದೀಪಾವಳಿ ಆದಾಗಿಂದ. ದಿನಾ ಮುಂಜಾನೆ ನಾನ ವರಸ್ತಿದ್ದೆ. ನೀವು ಬಂದ ದಿನ ಅದನ್ನ ಹೇಳಾಕ ಬಂದಿದ್ದೆ. ಇರು ಅಂದ್ರಿ."

ನಾನು ಸೈಕಲ್ಲನ್ನು ಗೋಡೆಗೆ ಆನಿಸಿ ಕಟ್ಟೆಯ ತುದಿಗೆ ಕುಳಿತೆ.

"ಇಂಜಿನ್ ಎಲ್ಲಾ ಬಿಚ್ಚಿ ಕೇಳಿದ್ರಿ. ನನ್ನ ಒಂದು ಮಾತು ಕೇಳಲಿಲ್ಲ," ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ.

"ತಪ್ಪಾತು ಅಣ್ಣಾ. ಸಾವ್ಕಾರ್ರು ಬಾ ಅಂದಾರ."

"ಅವರು ಅಂಗಳದಾಗ ಎಲ್ಲಾರ ಮುಂದ ಅಂದ್ರು. ಈಗ ಮನೀ ಮುಂದ ಬಂದು ನೀವೊಬ್ಬರ ಹೇಳಿದ್ರ ಹೆಂಗ್ರಿ? ಅಲ್ಲೆ ಹೇಳ್ರಿ. ಆಗ ಬರ್ತೀನಿ."

ಸಾಹುಕಾರರು ಅಂಗಳಕ್ಕೆ ಬರಲು ಒಪ್ಪಲಿಲ್ಲ, ಕಚೇರಿಯ ಬಾಗಿಲಲ್ಲಿ ನಿಂತರು. ಮಧ್ಯಾಹ್ನದ ಊಟದ ಹೊತ್ತಿಗೆ ಹಮಾಲರು, ಬೇಯಿಸುವ ಹೆಂಗಸರು ಎಲ್ಲ ಸೇರಿದ್ದಾಗ ನಾನು ತೂಕದ ಕಟ್ಟೆ ಹತ್ತಿ ಹೇಳಿದೆ: ನೀರು ಯಾರೂ ಹಾಕಿರಲಿಲ್ಲ, ನಾನು ಮಾಡಿದ ಜೋಡಣೆಯಿಂದ ಬಂತು, ನಾನು ಅರ್ಧ ಬರೆದು ಕೊಟ್ಟದ್ದರಿಂದ ಡ್ರೈವರ್ ಅಣ್ಣನ ಮೇಲೆ ಮಾತು ಬಂತು. ಯಾರೂ ನಗಲಿಲ್ಲ. ಒಬ್ಬ ಮುದಿ ಹಮಾಲ, "ಆತು ಬಿಡ್ರಿ, ಇಳೀರಿ," ಎಂದ. ಸಾಹುಕಾರರು ಕೀಲಿಗೊಂಚಲನ್ನು ಗುಮಾಸ್ತನ ಕೈಯಲ್ಲಿ ಕಳಿಸಿದರು.

ಗೇಟಿನಲ್ಲಿ ನಿಂತು ಕೇಳುತ್ತಿದ್ದ ಡ್ರೈವರ್ ಒಳಗೆ ಬಂದು, ಕೋಣೆಯ ಬಾಗಿಲು ತೆಗೆದು ಇಂಜಿನ್ನಿನ ಸುತ್ತ ಒಂದು ಸುತ್ತು ಹಾಕಿದ. ನಾನು ಕೂಡಿಸಿದ ಹಿತ್ತಾಳೆ ಕಾಕನ್ನು ನೋಡಿ ಹುಬ್ಬು ಗಂಟಿಕ್ಕಿದ.

"ಇದು ಮುಂದಾತ್ರಿ. ಈ ಇಂಜಿನ್ ಕಟ್ಟಿ ಹಿಂದಕ್ಕ ವಾಲೈತಿ. ಎಣ್ಣಿ ಚೆಲ್ಲಿದ್ರ ಯಾವಾಗ್ಲೂ ಹಿಂದಕ್ಕ ಹರೀತೈತಿ, ನಾನ ಬಳೀತೀನಲ್ಲ. ನೀರೂ ಅಲ್ಲೇ ಹೊಕ್ಕೈತಿ."

ಗಾಳಿ ಕೊಳವೆಯ ಹಿಂದಿನ ತುದಿಯಲ್ಲಿ, ಆರನೆಯ ಸಿಲಿಂಡರಿನ ಪಕ್ಕ, ಬಣ್ಣದಡಿ ಮುಚ್ಚಿಹೋಗಿದ್ದ ಒಂದು ಬಿರಡೆಯನ್ನು ಉಗುರಿನಿಂದ ಕೆರೆದು ತೋರಿಸಿದ. ಅದನ್ನು ನಾನು ಮೂರು ವರ್ಷದಲ್ಲಿ ಒಮ್ಮೆಯೂ ನೋಡಿರಲಿಲ್ಲ. ಸ್ಪ್ಯಾನರ್ ಆತನ ಕೈಗೇ ಕೊಟ್ಟೆ. ಬಿರಡೆ ಸಡಿಲವಾಗುತ್ತಿದ್ದಂತೆ ತುಕ್ಕು ಬಣ್ಣದ ನೀರು ಧಾರೆಯಾಗಿ ಇಳಿದು, ಕೆಳಗಿಟ್ಟ ಡಬ್ಬಿಯಲ್ಲಿ ಒಂದು ತಂಬಿಗೆಯಷ್ಟು ನಿಂತಿತು. ಹಿಂದಿನ ದಿನ ಇಷ್ಟು ನೀರನ್ನು ಪಕ್ಕದಲ್ಲಿಟ್ಟುಕೊಂಡೇ ನಾನು ಇಂಜಿನ್ ಓಡಿಸಿದ್ದೆ.

ಬಿರಡೆಯ ಜಾಗದಲ್ಲಿ ಎರಡನೆಯ ಕಾಕು ಹಾಕಿದೆವು. ಇಂಜೆಕ್ಟರುಗಳನ್ನು ಬಿಚ್ಚಿ ಕೈಯಿಂದ ತಿರುಗಿಸಿ ನೋಡಿದೆವು, ಎಲ್ಲ ಸಿಲಿಂಡರೂ ಖಾಲಿ ಇದ್ದವು. ಮರಳಿ ಕೂಡಿಸಿ ಆತನೇ ಚಾಲೂ ಮಾಡಿದ. ಪಕ್ಕದಲ್ಲಿ ಕೊಪ್ಪರಿಗೆಗಳು ಬುಸುಗುಡುತ್ತಿದ್ದವು. ಫ್ಯಾನುಗಳ ಲೋಡ್ ಬಂದಾಗ ಇಂಜಿನ್ ಒಮ್ಮೆ ತಗ್ಗಿ ಮತ್ತೆ ನಿಂತುಕೊಂಡಿತು. ಅರ್ಧ ಗಂಟೆ ನಾವಿಬ್ಬರೂ ಅದರ ಸದ್ದಿಗೆ ಕಿವಿ ಕೊಟ್ಟು ನಿಂತೆವು. ಆಮೇಲೆ ಆತ ಬಗ್ಗಿ ಹಿಂದಿನ ಕಾಕು ಬಿಟ್ಟು ಅಂಗೈ ಒಡ್ಡಿದ. ಕ್ಷಣ ಹೊತ್ತು ಹಾಗೇ ಹಿಡಿದಿದ್ದು, ನನ್ನ ಮಣಿಕಟ್ಟು ಹಿಡಿದು ನನ್ನ ಅಂಗೈಯನ್ನೂ ಅಲ್ಲಿಗೆ ಒಯ್ದ. ಬೆಚ್ಚಗಿನ ಗಾಳಿ ಬೆರಳ ಸಂದಿನಿಂದ ಸುಯ್ಯನೆ ಹಾದುಹೋಯಿತು. ಒಂದು ಹನಿ ಇರಲಿಲ್ಲ.

"ಒಣಗೈತ್ರಿ," ಎಂದ.